ಐದು ತಂತಿಗಳ ಶ್ರುತಿ

ರಸಮಂಜರಿ ಕಾರ್ಯಕ್ರಮದಲ್ಲಿ ಗಿಟಾರಿನ ತಂತಿ ಹರಿದರೆ ಕೇಳುಗರಿಗೆ ಗೊತ್ತಾಗುವುದು ಅಪರೂಪ. ರಿದಂ ಪ್ಯಾಡು, ಕೀಬೋರ್ಡುಗಳ ಅಬ್ಬರದಲ್ಲಿ ಆ ಸಣ್ಣ ‘ಟಪ್’ ಮುಳುಗಿಹೋಗುತ್ತದೆ. ತಿಳಿಯುವುದು ನುಡಿಸುವವನಿಗೆ, ಅದೂ ಕಿವಿಗಿಂತ ಮೊದಲು ಬೆರಳಿಗೆ. ಈಗ ತಾನೇ ಇದ್ದ ಜಾಗದಲ್ಲಿ ತಂತಿ ಇಲ್ಲ. ಅವನು ಕೆಳಗೆ ನೋಡುತ್ತಾನೆ, ಕೀಬೋರ್ಡಿನವನ ಕಡೆ ತಿರುಗಿ ‘ಸ್ಟ್ರಿಂಗ್ ಕಟ್ಟಾಯ್ತು’ ಎಂದು ತುಟಿ ಆಡಿಸುತ್ತಾನೆ. ಅಷ್ಟರಲ್ಲಿ ಗಾಯಕ ಎರಡನೇ ಚರಣ ಎತ್ತಿಕೊಂಡಿರುತ್ತಾನೆ.

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಗಣಪತಿ ಕೂರಿಸಿದಾಗ, ರಾಜ್ಯೋತ್ಸವ ಬಂದಾಗ, ಊರ ಜಾತ್ರೆ ನಡೆದಾಗ ಇಂಥ ವೇದಿಕೆಗಳು ಏಳುತ್ತವೆ. ಬೀರೂರು ಜಂಕ್ಷನ್ನಿನಲ್ಲಿ ರೈಲುಹಳಿ ಕವಲೊಡೆಯುತ್ತದೆ. ಒಂದು ತರೀಕೆರೆ ಹಾದು ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರ ಹಾದು ಚಿಕ್ಕಜಾಜೂರಿನತ್ತ. ಹಳಿಯ ಜೊತೆಗೆ ಹವೆಯೂ ಕವಲೊಡೆಯುತ್ತದೆ. ತರೀಕೆರೆ ಅಡಿಕೆಯ ಅರೆಮಲೆನಾಡು, ಅಜ್ಜಂಪುರ ಈರುಳ್ಳಿಯ ಬಯಲು, ಕಡೂರು ತೆಂಗಿನ ಸೀಮೆ. ಗಿಟಾರ್ ಎಂದರೆ ಮರ ಮತ್ತು ಉಕ್ಕು. ತೇವ ಕುಡಿದ ಮರ ಉಬ್ಬುತ್ತದೆ. ಚಳಿಗೆ ಉಕ್ಕು ಕುಗ್ಗಿ ಸ್ವರ ಏರುತ್ತದೆ, ವೇದಿಕೆಯ ದೀಪದ ಕಾವಿಗೆ ಹಿಗ್ಗಿ ಇಳಿಯುತ್ತದೆ. ಸಂಜೆ ಕೂಡಿಸಿದ ಶ್ರುತಿ ರಾತ್ರಿ ಹತ್ತಕ್ಕೆ ಇರುವುದಿಲ್ಲ. ಹರಿಯುವುದು ಹಾಗಿರಲಿ, ಹರಿಯದ ತಂತಿಯೂ ಒಂದೇ ಕಡೆ ನಿಂತಿರುವುದಿಲ್ಲ.

ತಂತಿ ಹರಿದದ್ದನ್ನು ನಾವು ಆ ಕ್ಷಣದ ಘಟನೆ ಎಂದು ಭಾವಿಸುತ್ತೇವೆ. ಜೋರಾಗಿ ಮೀಟಿದ, ಹರಿಯಿತು ಎನ್ನುತ್ತೇವೆ. ಲೋಹದ ಲೆಕ್ಕ ಬೇರೆ. ಎಲೆಕ್ಟ್ರಿಕ್ ಗಿಟಾರಿನ ಒಂದನೇ ತಂತಿ, ಎಲ್ಲಕ್ಕಿಂತ ತೆಳ್ಳಗಿನದು, ಸುಮಾರು ಕಾಲು ಮಿಲಿಮೀಟರು ದಪ್ಪ. ಶ್ರುತಿಗೆ ಏರಿಸಿದಾಗ ಅದು ತಡೆಯುವ ಎಳೆತ ಸುಮಾರು 7 ಕಿಲೋ. ಮೀಟಿದರೆ ಸೆಕೆಂಡಿಗೆ ಸುಮಾರು 330 ಸಲ ಅಲುಗುತ್ತದೆ. ಐದು ನಿಮಿಷದ ಹಾಡಿನುದ್ದಕ್ಕೂ ಅದು ಮಿಡಿಯುತ್ತಿದ್ದರೆ ಸುಮಾರು ಒಂದು ಲಕ್ಷ ಅಲುಗಾಟ. ಪ್ರತಿ ಅಲುಗಾಟದಲ್ಲೂ ತಂತಿ ಕುದುರೆಯ (ಬ್ರಿಡ್ಜಿನ) ಮೇಲೆ ಕೂರುವ ಜಾಗದಲ್ಲಿ ಕೂದಲೆಳೆಯಷ್ಟೂ ಅಲ್ಲದ ಒಂದು ಬಾಗು ಬಾಗುತ್ತದೆ. ಅಲ್ಲೇ ಬೆವರಿನ ಉಪ್ಪು ಕೂತು ತುಕ್ಕು ತಿನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಹಾಡಿನಿಂದ ಹಾಡಿಗೆ ಒಳಕ್ಕೆ ಇಳಿಯುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. ಸ್ವರ ಜಾರಿಸಲು ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಪೂರ್ಣ ಸ್ವರ ಏರಿಸಿದರೆ ಎಳೆತ ಕಾಲುಪಾಲು ಹೆಚ್ಚುತ್ತದೆ. ಕೊನೆಗೊಂದು ದಿನ ಅಂಥದೊಂದು ಎಳೆತಕ್ಕೆ ಉಳಿದಿದ್ದ ಉಕ್ಕು ಸಾಲದೆ ಹೋಗುತ್ತದೆ. ಆ ರಾತ್ರಿಯ ಹಾಡು ಬರೀ ಕಡೆಯ ಕಂತು ಕಟ್ಟಿತು. ಹಿಂದಿನ ಅಷ್ಟೂ ಹಾಡುಗಳು ತಮ್ಮ ತಮ್ಮ ಪಾಲನ್ನು ಮೊದಲೇ ಕಟ್ಟಿದ್ದವು. ತಂತಿಯನ್ನು ಮುಗಿಸಿದ್ದು ಅದು ನುಡಿದ ಸಂಗೀತವೇ. ಪೊಟ್ಟಣದಲ್ಲೇ ಸುತ್ತಿಟ್ಟ ತಂತಿಗೆ ಈ ದಣಿವಿಲ್ಲ, ನಾದವೂ ಇಲ್ಲ.

ದಪ್ಪ ತಂತಿ ಹಾಕಿದರಾಯಿತು ಎನ್ನುವವರಿದ್ದಾರೆ. ಆದರೆ ದಪ್ಪ ತಂತಿಯನ್ನು ಅದೇ ಸ್ವರಕ್ಕೆ ತರಲು ಅಷ್ಟೇ ಹೆಚ್ಚು ಎಳೆಯಬೇಕು. ಲೋಹದ ಕಣಕಣದ ಮೇಲೆ ಬೀಳುವ ಒತ್ತಡ ಹೆಚ್ಚುಕಡಿಮೆ ಅದೇ. ಸ್ವರದ ಎತ್ತರ ಬೇಕೆಂದರೆ ಆ ಎತ್ತರದ ಅಪಾಯವೂ ಬೇಕು. ಅತಿ ಕಠಿಣ ಸಾಧನೆಯಿಂದ ಸೋತ ಸೋಣನೆಂಬ ಭಿಕ್ಷುವಿಗೆ ಬುದ್ಧ ವೀಣೆಯ ದೃಷ್ಟಾಂತ ಕೊಟ್ಟಿದ್ದನ್ನು ಎಲ್ಲರೂ ಕೇಳಿದ್ದೇವೆ: ಅತಿ ಬಿಗಿಯೂ ಬೇಡ, ಅತಿ ಸಡಿಲವೂ ಬೇಡ. ಹದವಾಗಿ ಬಿಗಿದ ತಂತಿ ನುಡಿಯುತ್ತದೆ ಎಂಬುದಷ್ಟೇ ಆ ಮಾತಿನ ಭರವಸೆ. ಹರಿಯುವುದಿಲ್ಲ ಎಂದು ಬುದ್ಧ ಎಲ್ಲಿಯೂ ಹೇಳಲಿಲ್ಲ. ನಾವು ಮಧ್ಯಮ ಮಾರ್ಗವನ್ನು ಬಾಳಿಕೆಯ ಉಪಾಯವಾಗಿ ಓದಿಕೊಂಡಿದ್ದೇವೆ. ಮಿತವಾಗಿ ಉಂಡು, ಹೊತ್ತಿಗೆ ಮಲಗಿ, ಯಾರ ತಂಟೆಗೂ ಹೋಗದೆ ಬದುಕಿದವರೂ ಒಂದು ದಿನ ಹೋಗುತ್ತಾರೆ. ಮನೆಯವರು ಮಾತ್ರ ‘ಏನೂ ಆಗಿರಲಿಲ್ಲ, ಇದ್ದಕ್ಕಿದ್ದ ಹಾಗೆ’ ಎನ್ನುತ್ತಾರೆ.

ಈ ವಿಷಯದಲ್ಲಿ ಬಸವಣ್ಣನವರ ಬೇಡಿಕೆ ನನಗೆ ಹೆಚ್ಚು ದಿಟ್ಟವಾಗಿ ಕಾಣುತ್ತದೆ. ತನ್ನ ಮೈಯನ್ನು ವಾದ್ಯದ ದಂಡಿಗೆ ಮಾಡಿ, ನರಗಳನ್ನು ತಂತಿ ಮಾಡಿ ನುಡಿಸೆಂದು ಕೂಡಲಸಂಗಮದೇವನಲ್ಲಿ ಅವರು ಕೇಳಿಕೊಂಡರು. ಅದನ್ನು ಭಕ್ತಿಯ ಮಾತೆಂದು ಹಾಡುತ್ತೇವೆ, ಸರಿಯೇ. ಆದರೆ ನರವನ್ನು ತಂತಿ ಮಾಡು ಎಂದವರು ನರ ಸವೆಯಲೆಂದೂ ಒಪ್ಪಿಕೊಂಡ ಹಾಗಾಯಿತು. ಸುಮ್ಮನೆ ಇಟ್ಟುಕೊಂಡು ಕಾಯಿ ಎಂದು ಅವರು ಕೇಳಲಿಲ್ಲ.

ಇಷ್ಟು ಹರಿದ ತಂತಿಯ ಮಾತು. ಅನಿತ್ಯದ ಬಗ್ಗೆ ನಾವು ಬರೆಯುವುದೆಲ್ಲ ಬಹುಮಟ್ಟಿಗೆ ಇಲ್ಲೇ ನಿಲ್ಲುತ್ತದೆ: ಹೋದದ್ದು ಹೋಯಿತು. ಉಳಿದ ಐದು ತಂತಿಗಳ ಗತಿಯೇನು ಎಂದು ಕೇಳುವವರು ಕಡಿಮೆ.

ಎಲ್ಲಮ್ಮನ ಪದ ಹಾಡುವವರ ಕಂಕುಳಲ್ಲಿರುವ ಚೌಡಿಕೆಗೆ ಒಂದೇ ತಂತಿ. ತಳಕ್ಕೆ ಚರ್ಮ ಬಿಗಿದ, ಕೊಳಗದಂಥ ವಾದ್ಯ ಅದು. ಆ ತಂತಿ ಹೋದರೆ ವಾದ್ಯವೇ ಮೌನ. ಅಲ್ಲಿ ಪ್ರಶ್ನೆ ಸರಳ: ಹೊಸದು ಕಟ್ಟು, ಮತ್ತೆ ಹಾಡು. ಆರು ತಂತಿಯ ಗಿಟಾರಿನಲ್ಲಿ ಹಾಗಲ್ಲ. ಕೆಲವು ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಕುದುರೆ ಮರಕ್ಕೆ ಗಟ್ಟಿಯಾಗಿ ಕೂತಿರುವುದಿಲ್ಲ. ಒಂದು ಕಡೆಯಿಂದ ಆರು ತಂತಿಗಳ ಎಳೆತ, ಇನ್ನೊಂದು ಕಡೆಯಿಂದ ಹಿಂಬದಿಯ ಸ್ಪ್ರಿಂಗುಗಳ ಎಳೆತ, ಇವೆರಡರ ನಡುವೆ ತೂಗಿಕೊಂಡಿರುತ್ತದೆ. ಒಂದು ತಂತಿ ಹರಿದ ಕೂಡಲೇ ತೂಕ ತಪ್ಪುತ್ತದೆ. ಸ್ಪ್ರಿಂಗು ಗೆದ್ದು ಕುದುರೆಯನ್ನು ಹಿಂದಕ್ಕೆಳೆಯುತ್ತದೆ, ಉಳಿದ ಐದೂ ತಂತಿಗಳ ಸ್ವರ ಏರಿಬಿಡುತ್ತದೆ. ಯಾವುದಕ್ಕೂ ಪೆಟ್ಟು ಬಿದ್ದಿಲ್ಲ, ಯಾವುದೂ ತಪ್ಪು ಮಾಡಿಲ್ಲ. ಆದರೂ ಒಂದೂ ತನ್ನ ಸ್ವರದಲ್ಲಿಲ್ಲ. ಹೋದ ತಂತಿಯ ಪಾಲಿನ ಭಾರ ಇವುಗಳ ಮೇಲೆ ಬಂದು ಕೂತಿದೆ.

ಅನಿತ್ಯದ ಕಠಿಣ ಪಾಠ ಇಲ್ಲಿದೆ ಎಂದು ನನಗನಿಸುತ್ತದೆ. ಒಂದು ಹೋಗುತ್ತದೆ ಎಂಬುದನ್ನು ಹೇಗೋ ಒಪ್ಪಿಕೊಳ್ಳುತ್ತೇವೆ. ಉಳಿದದ್ದು ಮೊದಲಿನ ಹಾಗೆ ಉಳಿಯಲಾರದು ಎಂಬುದನ್ನು ಒಪ್ಪಲು ಬಹಳ ಕಾಲ ಬೇಕು. ಹಿರಿಯರೊಬ್ಬರು ತೀರಿಕೊಂಡ ಮನೆಯಲ್ಲಿ ತಿಥಿ ಮುಗಿದ ಮೇಲೆ ಅಣ್ಣತಮ್ಮಂದಿರ ಮಾತು ಯಾಕೆ ಗಡುಸಾಗುತ್ತದೆ, ಎಂದೂ ಏರುದನಿ ಆಡದ ಅತ್ತಿಗೆ ಯಾಕೆ ರೇಗುತ್ತಾರೆ ಎಂದು ಊರವರು ಆಡಿಕೊಳ್ಳುತ್ತಾರೆ. ಅವರಲ್ಲಿ ಯಾರೂ ಕೆಟ್ಟವರಾಗಿಲ್ಲ. ನಡುವೆ ತೂಕ ಹಿಡಿದಿದ್ದ ಎಳೆತ ತಪ್ಪಿ ಎಲ್ಲರ ಸ್ವರವೂ ಏರಿದೆ, ಅಷ್ಟೇ. ಅವರಿಗೆ ಬೇಕಾಗಿರುವುದು ಬುದ್ಧಿವಾದಕ್ಕಿಂತ ಮೊದಲು ಮತ್ತೊಮ್ಮೆ ಶ್ರುತಿ ಕೂಡಿಸಿಕೊಳ್ಳಲು ಒಂದಿಷ್ಟು ಬಿಡುವು.

ಈ ಸೀಮೆಯಲ್ಲೇ ಇದಕ್ಕೆ ಸಾಕ್ಷಿಗಳಿವೆ. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಅಮೃತಮಹಲ್ ದನಗಳಿವೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬಂದ ಈ ತಳಿ ಮೈಸೂರು ಸೇನೆಯ ತೋಪು, ಸಾಮಾನು ಎಳೆಯಲು ಹೆಸರಾದದ್ದು. ‘ಅಮೃತಮಹಲ್’ ಎಂದು ಕರೆದವನು ಟಿಪ್ಪು. ಆ ಸೇನೆ ಹೋಯಿತು, ತೋಪಿನ ಗಾಡಿ ಹೋಯಿತು. ದನ ಉಳಿಯಿತು, ಕಾವಲು ಭೂಮಿ ಒಂದಿಷ್ಟು ಉಳಿಯಿತು. ಆದರೆ ಯುದ್ಧವೆಂಬ ತಂತಿ ಹರಿದ ಮೇಲೆ ಆ ವೇಗಕ್ಕೆ, ಆ ಬಿರುಸಿಗೆ ಬೇರೆ ಅರ್ಥ ಹುಡುಕಬೇಕಾಯಿತು. ಉಳುಮೆಗೆ ಬಂತು, ಗಾಡಿಗೆ ಬಂತು, ಟ್ರ್ಯಾಕ್ಟರು ಬಂದ ಮೇಲೆ ಅದೂ ಸಡಿಲವಾಯಿತು. ಇವತ್ತು ಅಲ್ಲಿ ನಡೆಯುತ್ತಿರುವ ತಳಿ ರಕ್ಷಣೆಯ ಕೆಲಸವನ್ನು ನಾನು ಹಳೆಯದನ್ನು ಕಾಪಿಡುವ ಕೆಲಸ ಎಂದಷ್ಟೇ ನೋಡಲಾರೆ. ಕಾರಣ ಕಳೆದುಕೊಂಡ ಬಲಕ್ಕೆ ಹೊಸ ಸ್ವರ ಹುಡುಕುವ ಕೆಲಸ ಅದು.

ಕಡೂರಿನ ಉದಾಹರಣೆ ಇನ್ನೂ ಹತ್ತಿರದ್ದು. ಕೆ. ವೆಂಕಟಲಕ್ಷಮ್ಮ 1906ರಲ್ಲಿ ಕಡೂರು ಬಳಿಯ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ ಹುಟ್ಟಿದರು. ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, ಅರಮನೆಯ ಆಸ್ಥಾನ ನರ್ತಕಿಯಾದರು. ಅಭಿನಯಕ್ಕೆ ಹೆಸರಾದ ಮೈಸೂರು ಶೈಲಿಯ ಭರತನಾಟ್ಯ ಅವರ ಕಣ್ಣಲ್ಲಿ, ಕೈಯಲ್ಲಿ ಬೆಳೆಯಿತು. ಕಾಲ ತಿರುಗಿ ರಾಜಾಳ್ವಿಕೆ ಮುಗಿಯಿತು. ದರ್ಬಾರಿಗೆಂದು ಹದಗೊಂಡ ಕಲೆಗೆ ದರ್ಬಾರೇ ಇಲ್ಲವಾಯಿತು. ಹೆಜ್ಜೆ ಅದೇ, ಜಾವಳಿ ಅದೇ, ಮುಂದೆ ಕೂತವರು ಬೇರೆ. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯದ ಮೊದಲ ರೀಡರ್ ಆಗಿ ಅವರು ಪಾಠಕ್ಕೆ ನಿಂತರು. ಅರಮನೆಯ ಕಲೆ ತರಗತಿಯ ಕಲೆಯಾಯಿತು. 1992ರಲ್ಲಿ ಪದ್ಮಭೂಷಣ ಬಂತು, 2002ರಲ್ಲಿ ಅವರು ತೀರಿಕೊಂಡರು. ಕಳೆದುಹೋದ ಅರಮನೆಗಾಗಿ ಅಳುತ್ತಾ ಕೂರಲು ಅವರಿಗೆ ಎಲ್ಲ ಕಾರಣವೂ ಇತ್ತು. ಅವರು ಉಳಿದ ತಂತಿಗಳನ್ನು ಕೂಡಿಸಿಕೊಂಡರು.

ಕಲ್ಲಿಗಾದರೂ ಇದರಿಂದ ವಿನಾಯಿತಿ ಇದೆಯೇ? ತರೀಕೆರೆ ಹತ್ತಿರದ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಹೊಯ್ಸಳ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ್ದು. ಅಲ್ಲಿಯ ಶಾಸನದಲ್ಲಿ ಜನ್ನನ ಪದ್ಯಗಳಿವೆ. ಎಂಟು ನೂರು ವರ್ಷ ದಾಟಿದ ಕಲ್ಲು ಗಟ್ಟಿಯಾಗಿಯೇ ನಿಂತಿದೆ. ಆದರೆ ಅದರ ಮುಂದೆ ನಿಂತ ನಾವು ಕನ್ನಡದವರೇ ಆದರೂ ಆ ಕನ್ನಡವನ್ನು ಬಿಡಿಸಿ ಹೇಳಲು ಬಲ್ಲವರೊಬ್ಬರು ಬೇಕು. ಅಕ್ಷರ ಅಳಿಯಲಿಲ್ಲ, ಓದುವ ಬಳಕೆ ಅಳಿಯಿತು. ಉಳಿದ ಕಲ್ಲು ಮೊದಲಿನ ಹಾಗೆ ಉಳಿಯಲಿಲ್ಲ. ತಂತಿಯ ಕಥೆಯೂ ಹೀಗೇ. ತರೀಕೆರೆ ಏರಿಯ ಮೇಲೆ ಮೇಯುವ ಕರಿಕುರಿಮರಿಗಳ ಮೇಲೆ ನಾವೆಲ್ಲ ನಾಲಿಗೆ ಪಳಗಿಸಿದವರು. ಕುರಿಯ ಕರುಳೇ ಹಿಂದೆ ಗಿಟಾರಿನ ತಂತಿಯಾಗಿತ್ತು ಎಂಬುದು ಆಗ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಕರುಳಿನ ತಂತಿ ಸಿಗದಂತಾದಾಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ನೈಲಾನಿನಲ್ಲಿ ತಂತಿ ಮಾಡಿದರು, ಮಹಾವಾದಕ ಸೆಗೋವಿಯ ಅದನ್ನು ಒಪ್ಪಿಕೊಂಡರು. ಗಿಟಾರಿನ ಹೆಸರು ಉಳಿಯಿತು, ಅದರ ದನಿ ಬೇರೆಯಾಯಿತು.

ಹಾಗಾದರೆ ನುಡಿಸುವವನು ಏನು ಮಾಡಬೇಕು? ದೊಡ್ಡ ತಂಡಗಳು ಪ್ರತಿ ಕಾರ್ಯಕ್ರಮಕ್ಕೂ ಮೊದಲು ಎಲ್ಲ ತಂತಿ ಬದಲಿಸುತ್ತವೆ. ಜಾಣತನ ನಿಜ, ಆದರೆ ಅದರಲ್ಲಿ ಇನ್ನೂ ಚೆನ್ನಾಗಿ ನುಡಿಯುತ್ತಿದ್ದ ಆರೂ ತಂತಿಗಳು ಕಸಕ್ಕೆ ಹೋಗುತ್ತವೆ. ಹೋಗುವುದು ಖಚಿತ ಎಂದು ತಿಳಿದವರು ಹೋಗುವ ಮೊದಲೇ ಬಿಸಾಡುವ ರೀತಿ ಇದು. ವೈರಾಗ್ಯದ ಹೆಸರಲ್ಲಿ ಸಂಬಂಧಗಳನ್ನು ಮುಂಚಿತವಾಗಿ ಕಳಚಿಕೊಳ್ಳುವವರಲ್ಲೂ ಈ ಆತುರ ಕಂಡಿದ್ದೇನೆ. ಊರಿನ ಆರ್ಕೆಸ್ಟ್ರಾ ಹುಡುಗನ ರೀತಿ ಬೇರೆ. ದುಡ್ಡಿನ ಅಡಚಣೆಯಿಂದಲೋ ಅಭ್ಯಾಸದಿಂದಲೋ ಅವನು ಹರಿಯುವ ತನಕ ನುಡಿಸುತ್ತಾನೆ, ಹೆಚ್ಚಾಗಿ ಹರಿಯುವ ಒಂದನೇ ತಂತಿಯ ಜೋಡಿಯೊಂದನ್ನು ಗಿಟಾರ್ ಚೀಲದ ಜೇಬಿನಲ್ಲಿ ಇಟ್ಟುಕೊಂಡಿರುತ್ತಾನೆ. ಹರಿಯುತ್ತದೆ ಎಂದು ಅವನಿಗೆ ಗೊತ್ತು, ಆ ಗೊತ್ತು ಜೇಬಿನಲ್ಲಿದೆ. ಕೈ ಮಾತ್ರ ಪೂರ್ತಿ ಬಲದಲ್ಲಿ ಮೀಟುತ್ತದೆ. ಇದಕ್ಕಿಂತ ಒಳ್ಳೆಯ ಅನಿತ್ಯಜ್ಞಾನ ನನಗೆ ಗೊತ್ತಿಲ್ಲ.

ಜೊತೆಯವರ ಪಾತ್ರವೂ ಇದೆ. 1985ರಲ್ಲಿ ಅಮೆರಿಕದ ರೈತರ ನೆರವಿಗೆ ನಡೆದ ಫಾರ್ಮ್ ಏಡ್ ವೇದಿಕೆಯಲ್ಲಿ ಬಿ. ಬಿ. ಕಿಂಗ್ ಅವರ ಗಿಟಾರಿನ ತಂತಿ ಹರಿಯಿತು. ಅವರು ಹಾಡು ನಿಲ್ಲಿಸದೆ, ಹಾಡುತ್ತಲೇ ಹೊಸ ತಂತಿ ಕಟ್ಟಿದರು. ಅದಾಗುವವರೆಗೆ ತಾಳ ಹಿಡಿದು ಹಾಡಿಗೆ ನೆಲ ಕೊಟ್ಟವರು ಹಿಂದಿದ್ದ ವಾದ್ಯದವರು. ಮರುವರ್ಷ ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ 14 ವರ್ಷದ ಮಿಡೊರಿ ಪಿಟೀಲು ನುಡಿಸುವಾಗ ತಂತಿ ಹರಿಯಿತು, ಎರವಲು ಪಡೆದ ಪಿಟೀಲಿನದೂ ಹರಿಯಿತು, ಮೂರನೆಯದರಲ್ಲಿ ಕೃತಿ ಮುಗಿಯಿತು. ಎಲ್ಲರೂ ಹುಡುಗಿಯನ್ನು ಹೊಗಳಿದರು, ನ್ಯಾಯವೇ. ನನ್ನ ಗಮನ ತಮ್ಮ ವಾದ್ಯ ಕೊಟ್ಟವರ ಮೇಲೆ. ಮುಂದಿನವರ ತಂತಿ ಹರಿದರೆ ಪಕ್ಕದವರ ವಾದ್ಯ ಮುಂದಕ್ಕೆ, ಹರಿದದ್ದು ಹಿಂದಕ್ಕೆ ಸಾಗುವುದು ಅಲ್ಲಿಯ ವಾದ್ಯವೃಂದಗಳ ರೂಢಿ. ನಷ್ಟವನ್ನು ಒಬ್ಬರ ಮೇಲೇ ಬಿಡದೆ ಸಾಲಿನುದ್ದಕ್ಕೂ ಹಂಚಿಕೊಳ್ಳುವ ಏರ್ಪಾಡು.

ಹೊಸ ತಂತಿ ಕಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ಅದು ಸುತ್ತುಗಳಲ್ಲಿ ಜಾರಿ, ಹಿಗ್ಗಿ, ಮತ್ತೆ ಮತ್ತೆ ಇಳಿಯುತ್ತದೆ. ಹಳೆಯ ಐದರ ಮಬ್ಬು ದನಿಯ ನಡುವೆ ಅದೊಂದೇ ಕಿವಿ ಕೊರೆಯುವಷ್ಟು ಹೊಳೆಯುತ್ತದೆ. ಒಂದೆರಡು ಹಾಡು ಹಾಗೇ ಸಾಗಬೇಕು. ಹೋದವರ ಜಾಗಕ್ಕೆ ಬಂದವರನ್ನು ನಾವು ಮೊದಲ ದಿನವೇ ಹಳೆಯ ಸ್ವರಕ್ಕೆ ಹೋಲಿಸಿ ಬೈಯುತ್ತೇವೆ. ಹೊಸ ಸೊಸೆಗೂ ಹೊಸ ಮೇಷ್ಟರಿಗೂ ಇದೇ ಪಾಡು. ಅವರು ನಿಲ್ಲುವ ಹೊತ್ತಿಗೆ ನಾವೂ ಒಂಚೂರು ಇಳಿದಿರುತ್ತೇವೆ, ಶ್ರುತಿ ಎರಡೂ ಕಡೆಯಿಂದ ಕೂಡಬೇಕು. ಅನಿತ್ಯವನ್ನು ಎದುರಿಸಲು ಧೈರ್ಯ ಬೇಕೆನ್ನುತ್ತಾರೆ. ಧೈರ್ಯಕ್ಕಿಂತ ಮೊದಲು ಬೇಕಾದದ್ದು ಕಿವಿ: ಯಾರ ಸ್ವರ ಎಷ್ಟು ಏರಿದೆ, ಯಾರದು ಇಳಿದಿದೆ ಎಂದು ಹಾಡಿನ ನಡುವೆಯೇ ಕೇಳಿಸಿಕೊಂಡು, ಬಿರಡೆಯನ್ನು ಕೂದಲಷ್ಟು ತಿರುಗಿಸುವ ಕಿವಿ. ಅದನ್ನು ಪಳಗಿಸಿಕೊಳ್ಳಲು ತಂತಿ ಹರಿಯುವ ತನಕ ಕಾಯಬೇಕಿಲ್ಲ.