ಮರದ ವಿಮಾನದ ಮುಗ್ಧತೆ

ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತ ಬಂದಿದೆ. ಆ ದಿನಗಳಲ್ಲಿ ಚಿಕ್ಕಬಳ್ಳಾಪುರ, ನಂದಿ ಕಡೆಯಿಂದಲೂ ಜನ ಬರುತ್ತಾರೆ. ಟಿಕೆಟ್ ಸಿಗದವರು ಹೆದ್ದಾರಿಯ ಬದಿಯಲ್ಲೇ ಬೈಕು ನಿಲ್ಲಿಸಿ ಕತ್ತೆತ್ತಿ ನೋಡುತ್ತಾರೆ. ಅಪ್ಪನ ಹೆಗಲೇರಿದ ಮಗು ಚಪ್ಪಾಳೆ ತಟ್ಟುತ್ತದೆ. ಆ ಬೆರಗಿನಲ್ಲಿ ಯಾರ ಮೇಲಿನ ದ್ವೇಷವೂ ಇಲ್ಲ. ಆದರೆ ತಲೆಯ ಮೇಲೆ ಹಾದುಹೋದದ್ದು ಕೊಲ್ಲುವ ಕೆಲಸಕ್ಕೆಂದೇ ಕಟ್ಟಿದ ಯಂತ್ರ. ಹಾರಾಟದ ಮೇಲಿನ ಪ್ರೀತಿಯನ್ನು ಆ ಯಂತ್ರದ ಕೆಲಸದಿಂದ ಬೇರ್ಪಡಿಸಿ ನೋಡಬಹುದೇ?

ನಂದಿಯಿಂದ ಸುಮಾರು 60 ಕಿ.ಮೀ. ದೂರದ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಒಮ್ಮೆ ಮರದ ವಿಮಾನವೊಂದನ್ನು ಕಟ್ಟಿದ್ದರು. ಭಾರತದಲ್ಲೇ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತ್‌ನ ಪೂರ್ಣಾಕಾರದ ಮಾದರಿ ಅದು. ಹೆಸರು ಎಕ್ಸ್-241. ಅದಕ್ಕೆ ಎಂಜಿನ್ ಇರಲಿಲ್ಲ, ಬಂದೂಕೂ ಇರಲಿಲ್ಲ. 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದುಕೊಂಡು ಮೇಲಕ್ಕೊಯ್ದು ಬಿಡುತ್ತಿದ್ದರು. ಅದು ಗಾಳಿಯ ಮೇಲೆ ತೇಲುತ್ತ ಇಳಿಯುತ್ತಿತ್ತು. ಹುಡುಗರ ಆಟಿಕೆಯೇ ದೊಡ್ಡದಾಗಿ ಬೆಳೆದಂತೆ! ಯಾರಿಗೂ ಕೇಡು ಮಾಡಲಾರದ ವಿಮಾನ. ಎರಡು ವರ್ಷ ಕಳೆದು, 1961ರ ಜೂನ್‌ನಲ್ಲಿ ಅದೇ ಆಕಾರದ ಲೋಹದ ವಿಮಾನ ಹಾರಿತು. ವಾಯುಪಡೆಗೆ ಸೇರುವ ಹೊತ್ತಿಗೆ ಅದರ ಮೂತಿಯಲ್ಲಿ 30 ಮಿ.ಮೀ.ನ ನಾಲ್ಕು ತೋಪುಗಳಿದ್ದವು.

ಆ ಮೊದಲ ಹಾರಾಟ ನಡೆಸಿದವರು ವಾಯುಪಡೆಯ ಸುರಂಜನ್ ದಾಸ್. ಇಂಗ್ಲೆಂಡಿನ ಪರೀಕ್ಷಾ ಪೈಲಟ್‌ಗಳ ಶಾಲೆಯಲ್ಲಿ ಕಲಿತು ಬಂದವರು. ಪರೀಕ್ಷಾ ಪೈಲಟ್‌ನ ಕೆಲಸ ವಿಚಿತ್ರವಾದದ್ದು. ವಿಮಾನದಲ್ಲಿ ಏನು ಕೊರತೆಯಿದೆಯೋ ಅದು ಮೊದಲು ಅವನ ಮೈಮೇಲೆ ಬರಬೇಕು. ನಾಳೆ ಅದನ್ನು ಏರುವ ಇಪ್ಪತ್ತರ ಹುಡುಗನ ಮೇಲೆ ಬರಬಾರದು. ಇಂಥ ಕೆಲಸವನ್ನು ಬರೀ ಸಂಬಳಕ್ಕಾಗಿ ವರ್ಷಗಟ್ಟಲೆ ಮಾಡುವವರನ್ನು ನಾನು ಊಹಿಸಲಾರೆ. 1970ರ ಜನವರಿ 10ರಂದು ಮಾರುತ್‌ನ ಸುಧಾರಿತ ಮಾದರಿಯನ್ನು ಪರೀಕ್ಷಿಸುವಾಗ, ಬೆಂಗಳೂರಿನಲ್ಲೇ, ನೆಲಬಿಟ್ಟ ಸ್ವಲ್ಪ ಹೊತ್ತಿಗೆ ಅದು ಉರುಳಿ ದಾಸ್ ತೀರಿಕೊಂಡರು.

ಇಂಥ ಸಾವಿನ ಮುಂದೆ ನಮ್ಮ ಪ್ರಶ್ನೆ ಸಣ್ಣದೆನಿಸಬಹುದು. ಪ್ರಾಣವನ್ನೇ ಕೊಟ್ಟವನ ಪ್ರೀತಿಯನ್ನು ತೂಗಿ ನೋಡುವುದೆಂತು? ಆದರೆ ಮಾರುತ್‌ಗೆ ರೂಪ ಕೊಟ್ಟ ಕರ್ಟ್ ಟ್ಯಾಂಕ್ ಇಲ್ಲಿ ಅಡ್ಡ ಬರುತ್ತಾರೆ. ಆತನೂ ತಾನು ರೂಪಿಸಿದ ವಿಮಾನಗಳನ್ನು ತಾನೇ ಏರಿ ಪರೀಕ್ಷಿಸುತ್ತಿದ್ದವರು. ಹಾರಾಟದ ಹುಚ್ಚಿನಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಹಿಟ್ಲರನ ವಾಯುಪಡೆಗೆ 20,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಫೋಕೆ-ವುಲ್ಫ್ 190 ಆತನದೇ ವಿನ್ಯಾಸ. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾ, ಅಲ್ಲಿಂದ 1956ರಲ್ಲಿ ಬೆಂಗಳೂರು. ಪ್ರೀತಿ ಅದೇ, ಯಜಮಾನ ಮಾತ್ರ ಬದಲಾಗುತ್ತಿದ್ದ. ತನ್ನ ಪ್ರಾಣವನ್ನು ಪಣಕ್ಕಿಡುವ ಧೈರ್ಯ, ಇನ್ನೊಬ್ಬರ ಪ್ರಾಣದ ಲೆಕ್ಕದಿಂದ ಬಿಡುಗಡೆ ಕೊಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಹಾಗೆಂದು ಟ್ಯಾಂಕ್ ಮತ್ತು ದಾಸ್ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಅನ್ಯಾಯ. ಆಗಷ್ಟೇ ಸ್ವತಂತ್ರವಾದ ದೇಶ ತನ್ನ ಆಕಾಶವನ್ನು ಕಾಯಲು ತನ್ನದೇ ವಿಮಾನ ಬೇಕೆಂದು ಬಯಸಿದ್ದು ತಪ್ಪಲ್ಲ. ನನಗೆ ಇರುಸುಮುರುಸಾಗುವುದು ನಮ್ಮ, ಅಂದರೆ ರಸ್ತೆ ಬದಿಯಲ್ಲಿ ನಿಂತವರ ಚಪ್ಪಾಳೆಯ ಬಗ್ಗೆ. ನಾವು ವಿಮಾನವನ್ನು ಹಬ್ಬದ ದಿನ, ಹಬ್ಬದ ಬಟ್ಟೆಯಲ್ಲಿ ಕಂಡವರು. 2003ರ ಬಾಗ್ದಾದಿನಲ್ಲಿ ಇದೇ ಸದ್ದಿಗೆ ಮಕ್ಕಳು ಹೊರಗೆ ಓಡಿಬರಲಿಲ್ಲ. 1971ರಲ್ಲಿ ರಾಜಸ್ಥಾನದ ಗಡಿಯಾಚೆ ಮಾರುತ್‌ಗಳು ಹಾರಿದಾಗ ಕೆಳಗಿದ್ದ ಊರುಗಳಲ್ಲಿಯೂ ಬಹುಶಃ ಹಾಗೆಯೇ ಇದ್ದಿರಬೇಕು.

ಎನ್‌ಸಿಸಿ ವಾಯುದಳದ ಹುಡುಗರು ಇಂದಿಗೂ ಹಗುರ ಮರದಿಂದ ಮಾದರಿ ವಿಮಾನ ಕಟ್ಟುತ್ತಾರೆ. ಉಪ್ಪುಕಾಗದದಲ್ಲಿ ರೆಕ್ಕೆ ಉಜ್ಜುವ ಹುಡುಗನ ಕೈಯಿಂದ ಅದನ್ನು ಕಿತ್ತುಕೊಳ್ಳುವ ಮನಸ್ಸು ನನಗಂತೂ ಇಲ್ಲ. ಆದರೆ ಅವನಿಗೆ ದಾಸ್ ಅವರ ಕಥೆ ಹೇಳುವಾಗ ಟ್ಯಾಂಕ್ ಕಥೆಯನ್ನು ನುಂಗಿಕೊಳ್ಳಬಾರದು. ಬೆಂಗಳೂರಿನಲ್ಲಿ ಎಚ್‌ಎಎಲ್‌ನಿಂದ ಹಳೇ ಮದ್ರಾಸ್ ರಸ್ತೆಯ ಕಡೆಗೆ ಹೋಗುವ ದಾರಿಗೆ ಸುರಂಜನ್ ದಾಸ್ ಹೆಸರಿದೆ. ದಿನವೂ ಅಲ್ಲಿ ಸಿಗ್ನಲ್‌ಗೆ ಕಾಯುವವರಲ್ಲಿ ಹೆಚ್ಚಿನವರಿಗೆ ಅದು ಬರೀ ಒಂದು ವಿಳಾಸ.