ಅಳತೆ ಕಾಲಿಗೆ, ಹಾಸಿಗೆಗಲ್ಲ

ಬಜೆಟ್ ದಿನಗಳಲ್ಲಿ ರಾಜ್ಯದ ಸಾಲದ ಮಾತು ಬಂದರೆ ಸಾಕು, ಊಟಿಯಾಗಲಿ ಗೂಡಲೂರಾಗಲಿ, ಯಾರಾದರೊಬ್ಬರು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಚರ್ಚೆಗೆ ತೆರೆ ಎಳೆದುಬಿಡುತ್ತಾರೆ. ಸಾಲವೇ ಬೇಡ ಎಂಬುದು ಅವರು ಹೇಳುವ ಅರ್ಥ. ಬಡವ ಬಡವನಾಗಿಯೇ ಇರಲಿ ಎನ್ನುವ ಗಾದೆ ಇದು ಎಂದು ಸಿಟ್ಟಾಗುವವರೂ ಇದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಗಾದೆ ಕಾಲಿಗೆ ಅಳತೆ ಹೇಳಿತೇ ಹೊರತು ಹಾಸಿಗೆಯನ್ನು ಉದ್ದ ಮಾಡಬೇಡ ಎಂದಿಲ್ಲ.

ನೀಲಗಿರಿಯ ಮಸಿನಗುಡಿಯಿಂದ ಸಿಂಗಾರದ ಕಡೆಗೆ ಹೋದರೆ ಗ್ಲೆನ್‌ಮಾರ್ಗನ್ ಇಳಿಜಾರಿನಲ್ಲಿ ದಪ್ಪ ಉಕ್ಕಿನ ಕೊಳವೆಗಳು ಬೆಟ್ಟಕ್ಕೆ ಅಂಟಿಕೊಂಡು ಕೆಳಗಿಳಿಯುವುದು ಕಾಣುತ್ತದೆ. ಒಳಗೆ ಹರಿಯುವುದು ಪೈಕಾರದ ನೀರು. 1932ರಲ್ಲಿ ಶುರುವಾದ ಇಲ್ಲಿನ ವಿದ್ಯುದಾಗಾರ ಕೊಯಮತ್ತೂರಿನ ಗಿರಣಿಗಳನ್ನು ಓಡಿಸಿತು. ಇಲ್ಲಿ ದುಡಿದ ನೀರೇ ಮುಂದೆ ಮೋಯಾರಿನಲ್ಲಿ ಮತ್ತೊಮ್ಮೆ ಟರ್ಬೈನು ತಿರುಗಿಸುತ್ತದೆ. ಹಾಸಿಗೆ ಉದ್ದವಾಗುವುದು ಇಂಥ ಖರ್ಚಿನಿಂದ. ಸಂಬಳಕ್ಕೆ, ಪಿಂಚಣಿಗೆ, ಹಳೆ ಬಡ್ಡಿಗೆ ಎಂದು ತಂದ ಸಾಲದಲ್ಲಿ ಕಾಲು ಮಾತ್ರ ಉದ್ದವಾಗುತ್ತದೆ.

ಹಾಗೆಂದು ಎಷ್ಟಾದರೂ ಸಾಲ ತರುವಂತಿಲ್ಲ. ರೂಪಾಯಿ ಎಲ್ಲ ರಾಜ್ಯಗಳಿಗೂ ಒಂದೇ, ನೋಟು ಅಚ್ಚು ಹಾಕುವ ಅಧಿಕಾರ ಯಾವ ರಾಜ್ಯಕ್ಕೂ ಇಲ್ಲ. ಆದ್ದರಿಂದ ಮಿತಿ ಬೇಕೇ ಬೇಕು. ಕೇಂದ್ರಕ್ಕೆ ಬಾಕಿ ಉಳಿಸಿಕೊಂಡ ರಾಜ್ಯ ಅದರ ಒಪ್ಪಿಗೆಯಿಲ್ಲದೆ ಸಾಲ ಎತ್ತುವಂತಿಲ್ಲ ಎನ್ನುತ್ತದೆ ಸಂವಿಧಾನದ 293(3)ನೇ ವಿಧಿ. ಕರ್ನಾಟಕ 2002ರಲ್ಲಿ, ತಮಿಳುನಾಡು 2003ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡವು. ಎರಡರಲ್ಲೂ ರಾಜಸ್ವ ಕೊರತೆ (ದಿನನಿತ್ಯದ ಖರ್ಚು ಆದಾಯವನ್ನು ಮೀರುವುದು) ಇರಬಾರದು, ವಿತ್ತೀಯ ಕೊರತೆ (ವರ್ಷದಲ್ಲಿ ಸಾಲದಿಂದ ತುಂಬಬೇಕಾದ ಒಟ್ಟು ಅಂತರ) ರಾಜ್ಯದ ಒಟ್ಟು ಉತ್ಪನ್ನದ ಶೇ 3 ಮೀರಬಾರದು ಎಂಬ ಗುರಿಯಿತ್ತು. ನಮ್ಮ ಗಾದೆಯ ಪ್ರಾಣ ಮೊದಲನೆಯದರಲ್ಲಿದೆ. ಆದರೆ ತಮಿಳುನಾಡು 2013-14ರಿಂದ ಪ್ರತಿ ವರ್ಷವೂ ರಾಜಸ್ವ ಕೊರತೆಯಲ್ಲೇ ಇದೆ. ಕೇಂದ್ರ ಬಿಗಿಯಾಗಿ ಕಾಯುವುದು ಒಟ್ಟು ಸಾಲದ ಮಿತಿಯನ್ನು ಮಾತ್ರ. ಆ ಲೆಕ್ಕದಲ್ಲಿ ಅಣೆಕಟ್ಟಿನ ಸಾಲಕ್ಕೂ ಸಂಬಳದ ಸಾಲಕ್ಕೂ ಬಹುಮಟ್ಟಿಗೆ ವ್ಯತ್ಯಾಸವಿಲ್ಲ. ನಿಗಮಗಳ ಹೆಸರಿನಲ್ಲಿ ಎತ್ತಿ ಬಜೆಟ್ಟಿನಿಂದ ತೀರಿಸುವ ಸಾಲವನ್ನೂ ಕೇಂದ್ರ ಆ ಲೆಕ್ಕಕ್ಕೆ ಸೇರಿಸಿದ್ದಕ್ಕೆ ಕೇರಳ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಸೇರಿಸಿದ್ದು ಸರಿಯೇ, ಮುಚ್ಚಿಟ್ಟ ಸಾಲವೂ ಸಾಲವೇ. ಯಾವುದಕ್ಕೆ ತಂದ ಸಾಲ ಎಂದು ಕೇಳದಿರುವುದು ತಪ್ಪು.

ಯೂರೋ ದೇಶಗಳೂ ಇದೇ ಶೇ 3ಕ್ಕೆ ಜೋತುಬಿದ್ದು ಬಳಲಿದವು. 2024ರಲ್ಲಿ ಐರೋಪ್ಯ ಒಕ್ಕೂಟ ಮಿತಿಯನ್ನು ಉಳಿಸಿಕೊಂಡೇ ದೇಶಕ್ಕೊಂದು ಖರ್ಚಿನ ದಾರಿ ಹಾಕಿಕೊಟ್ಟಿತು. ಸುಧಾರಣೆ, ಹೂಡಿಕೆಗೆ ಬದ್ಧವಾದ ದೇಶಕ್ಕೆ ಸಾಲ ಹತೋಟಿಗೆ ತರಲು ನಾಲ್ಕರ ಬದಲು ಏಳು ವರ್ಷ ಕಾಲಾವಕಾಶ. ನಮ್ಮ ರಾಜ್ಯಗಳಿಗೂ ಅಂಥದ್ದು ಬೇಕು, ರಾಜಸ್ವ ಕೊರತೆಯ ಮೇಲೆ ಮಾತ್ರ ಕಿಂಚಿತ್ತೂ ದಯೆ ಬೇಡ.

ಈಗ ನೀಲಗಿರಿಯದೇ ಕುಂದಾದಲ್ಲಿ 500 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ವಿದ್ಯುತ್ ಮಾಡುವ) ಯೋಜನೆ ಕೈಗೆತ್ತಿಕೊಂಡಿದ್ದಾರೆ. ಕಾಡಿಗೆ ಅದರಿಂದಾಗುವ ಪೆಟ್ಟನ್ನು ನಾನು ಹಗುರ ಮಾಡುತ್ತಿಲ್ಲ, ಆ ಲೆಕ್ಕವನ್ನೂ ಕೇಳಲೇಬೇಕು. ಆದರೆ ಇಂಥ ಯೋಜನೆಗೆ ರಾಜ್ಯ ಎತ್ತುವ ಸಾಲವನ್ನು ಪಿಂಚಣಿಯ ಸಾಲದ ಸಾಲಿನಲ್ಲಿ ಬರೆದಿಡುವ ನಿಯಮ ಮೊದಲು ಹೋಗಬೇಕು.