ಒಂದು ‘ಸಾರಿ’ ಹೇಳಿದರೆ ಸಾಕೇ?

ಇಂಗ್ಲಿಷ್ ಬಾರದವರ ನಾಲಗೆಯ ಮೇಲೂ ಸಲೀಸಾಗಿ ಹೊರಳುವ ಕೆಲವು ಇಂಗ್ಲಿಷ್ ಪದಗಳಿವೆ. ಅವುಗಳ ಪೈಕಿ ‘ಸಾರಿ’ಗೆ ಮೊದಲ ಸಾಲಿನಲ್ಲೇ ಸ್ಥಾನ. ಬಸ್ಸಿನ ನೂಕುನುಗ್ಗಲಿನಲ್ಲಿ ಕಾಲು ತುಳಿದವರು ‘ಸಾರಿ’ ಎನ್ನುತ್ತಾರೆ. ತಡವಾಗಿ ಬಂದ ವಿದ್ಯಾರ್ಥಿ ‘ಸಾರಿ ಸರ್’ ಎನ್ನುತ್ತಾನೆ. ಸಾಲ ಮಂಜೂರಾಗಲಿಲ್ಲವೆಂದು ತಿಳಿಸುವ ಗುಮಾಸ್ತನಿಗೂ, ರೋಗಿಯನ್ನು ಉಳಿಸಿಕೊಳ್ಳಲಾಗಲಿಲ್ಲವೆಂದು ಬಾಗಿಲ ಬಳಿ ಬಂದು ನಿಲ್ಲುವ ವೈದ್ಯರಿಗೂ ಒದಗುವುದು ಅದೇ ಎರಡಕ್ಷರ. ತುಳಿದ ಕಾಲಿಗೂ ಹೋದ ಜೀವಕ್ಕೂ ಒಂದೇ ಮಾತು ಹೇಗೆ ಸಾಕಾದೀತು? ಈ ಪುಟ್ಟ ಪದ ಇಷ್ಟೊಂದು ಭಾರವನ್ನು ಹೊರುತ್ತಿದೆಯೋ, ಅಥವಾ ಅದರ ಮರೆಯಲ್ಲಿ ನಾವು ನಮ್ಮ ಭಾರವನ್ನು ಇಳಿಸಿ ಜಾರಿಕೊಳ್ಳುತ್ತಿದ್ದೇವೆಯೋ? ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ನಾವು ಸ್ವಲ್ಪ ಸಾವಧಾನವಾಗಿ ಯೋಚಿಸಬೇಕಾಗಿದೆ.

ಇಂಗ್ಲಿಷ್ ಭಾಷೆಯಲ್ಲೇ ಈ ಪದಕ್ಕೆ ಹಲವು ಮುಖಗಳಿವೆ. ತಪ್ಪು ಮಾಡಿದವನು ‘ಐ ಆಮ್ ಸಾರಿ’ ಎಂದಾಗ ಅದು ತಪ್ಪೊಪ್ಪಿಗೆ. ಸಾವಿನ ಮನೆಗೆ ಹೋದವನು ‘ಸಾರಿ ಫಾರ್ ಯುವರ್ ಲಾಸ್’ ಎಂದಾಗ ಅದು ಸಂತಾಪ. ಅವನು ಯಾವ ತಪ್ಪನ್ನೂ ಮಾಡಿಲ್ಲ. ಕಷ್ಟದಲ್ಲಿರುವವನ ಬಗ್ಗೆ ‘ಫೀಲ್ ಸಾರಿ’ ಎಂದರೆ ಕನಿಕರ. ಅದೇ ಕನಿಕರವನ್ನು ತನ್ನ ಮೇಲೆಯೇ ಸುರಿದುಕೊಂಡು ಕುಳಿತವನಿಗೆ ಆ ಮಾತು ಮೂದಲಿಕೆ. ‘ಎ ಸಾರಿ ಸೈಟ್’ ಎಂದರೆ ನೋಡಲಾಗದ ದುರವಸ್ಥೆ. ‘ಎ ಸಾರಿ ಎಕ್ಸ್‌ಕ್ಯೂಸ್’ ಎಂದರೆ ನಾಚಿಕೆಗೇಡಿನ ನೆಪ. ‘ಯು ವಿಲ್ ಬಿ ಸಾರಿ’ ಎಂಬುದು ಬೆದರಿಕೆ. ‘ಬೆಟರ್ ಸೇಫ್ ದ್ಯಾನ್ ಸಾರಿ’ ಎಂಬುದು ಮುಂಜಾಗ್ರತೆಯ ಗಾದೆ. ಇನ್ನು ಧ್ವನಿಯನ್ನು ಏರಿಸಿ ‘ಸಾರಿ?’ ಎಂದು ಕೇಳಿದರೆ ‘ಏನಂದಿರಿ, ಇನ್ನೊಮ್ಮೆ ಹೇಳಿ’ ಎಂದಷ್ಟೇ ಅರ್ಥ. ಪಶ್ಚಾತ್ತಾಪದಿಂದ ಹಿಡಿದು ಬೆದರಿಕೆಯವರೆಗೆ ಒಂದೇ ಪದ ಸಂಚರಿಸುತ್ತದೆ.

ಪದದ ಮೂಲವನ್ನು ನೋಡಿದರೆ ಬೆಳಕು ಸಿಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಸಾರಿಗ್’. ನೋವು, ಗಾಯ ಎಂಬರ್ಥದ ‘ಸಾರ್’ ಎಂಬುದರಿಂದ ಬಂದದ್ದು. ಇಂದು ಹುಣ್ಣಿಗೆ ಹೇಳುವ ‘ಸೋರ್’ ಕೂಡ ಅದೇ ಬೇರಿನದು. ದುಃಖವನ್ನು ಹೇಳುವ ‘ಸಾರೋ’ ಎಂಬ ಪದಕ್ಕೂ ಇದಕ್ಕೂ ಒಂದೇ ಬೇರೆಂದು ಅನೇಕರು ತಿಳಿಯುವುದುಂಟು. ಆದರೆ ಅವು ಬೇರೆ ಬೇರೆ ಮನೆತನದವು, ಜೊತೆಗೆ ಬಾಳಿ ಒಂದನ್ನೊಂದು ಹೋಲತೊಡಗಿದವು. ಅಂದರೆ ‘ಸಾರಿ’ ಎನ್ನುವವನು ಮೂಲದಲ್ಲಿ ಹೇಳುತ್ತಿದ್ದುದು ‘ನಾನು ನೋಯುತ್ತಿದ್ದೇನೆ’ ಎಂದು. ಇಂದು ಆ ಗಾಯವೇ ಇಲ್ಲದೆ ಪದ ಮಾತ್ರ ಉಳಿದಿದೆ.

‘ಅಪಾಲಜಿ’ ಎಂಬ ಪದದ ಕಥೆ ಇನ್ನೂ ವಿಚಿತ್ರ. ಗ್ರೀಕಿನ ‘ಅಪೊಲೊಗಿಯ’ ಎಂದರೆ ನ್ಯಾಯಾಲಯದಲ್ಲಿ ಆಪಾದನೆಗೆ ಕೊಡುವ ಉತ್ತರ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯ ಮುಂದೆ ಸಾಕ್ರೆಟಿಸ್ ಆಡಿದ ಮಾತುಗಳನ್ನು ಪ್ಲೇಟೊ ಆ ಹೆಸರಿನಿಂದಲೇ ಬರೆದಿದ್ದಾನೆ. ಅದರಲ್ಲಿ ಕ್ಷಮೆ ಕೇಳುವ ಸುಳಿವೇ ಇಲ್ಲ. ಎರಡನೆಯ ಶತಮಾನದಲ್ಲಿ ಸಂತ ಜಸ್ಟಿನ್ ರೋಮನ್ ಚಕ್ರವರ್ತಿಗೆ ಬರೆದ ‘ಅಪಾಲಜಿ’ಯೂ, 1864ರಲ್ಲಿ ನ್ಯೂಮನ್ ಬರೆದ ಗ್ರಂಥವೂ ಸಮರ್ಥನೆಗಳೇ. ಸಮರ್ಥನೆಯಾಗಿ ಹುಟ್ಟಿದ ಪದ ಕಾಲಾಂತರದಲ್ಲಿ ಕ್ಷಮಾಯಾಚನೆಯಾಯಿತು. ಆದರೆ ನಮ್ಮ ನಿತ್ಯದ ಕ್ಷಮಾಯಾಚನೆಗಳನ್ನು ಕಿವಿಗೊಟ್ಟು ಕೇಳಿ: ‘ಸಾರಿ, ಆದರೆ ನೀವು ಹಾಗೆ ಮಾತನಾಡಬಾರದಿತ್ತು’, ‘ಸಾರಿ, ಆದರೆ ಆ ದಿನ ನನಗೆ ತಲೆ ಸರಿಯಿರಲಿಲ್ಲ’. ‘ಆದರೆ’ ಎಂಬ ಒಂದು ಪದ ಸೇರಿದೊಡನೆ ಕ್ಷಮಾಯಾಚನೆ ತನ್ನ ತವರುಮನೆಯಾದ ಸಮರ್ಥನೆಗೆ ಹಿಂದಿರುಗಿಬಿಡುತ್ತದೆ!

ಈಗ ನಮ್ಮ ಕನ್ನಡದ ಕಡೆಗೆ ತಿರುಗೋಣ. ‘ಸಾರಿ’ ಎನ್ನುವ ಕಡೆಯಲ್ಲಿ ನಾವು ಹೇಳಬಹುದಾದ ಮಾತುಗಳು ಒಂದಲ್ಲ, ಹಲವು. ಅವುಗಳ ವ್ಯಾಕರಣವೇ ಒಂದು ನೀತಿಪಾಠ. ‘ಸಾರಿ’ ಎಂಬುದು ನನ್ನ ಮನಸ್ಸಿನ ಸ್ಥಿತಿಯ ವರದಿ. ಅದರ ಕೇಂದ್ರದಲ್ಲಿ ಇರುವವನು ನಾನು. ‘ಕ್ಷಮಿಸಿ’ ಎಂಬುದು ನಿಮ್ಮಲ್ಲಿ ಬೇಡಿಕೆ. ಅಲ್ಲಿ ಕೊಡುವ ಅಧಿಕಾರ ನಿಮ್ಮದು, ಕೈ ಚಾಚಿದವನು ನಾನು. ‘ಕ್ಷಮ್’ ಎಂಬ ಧಾತುವಿಗೆ ಸಹಿಸು ಎಂಬ ಅರ್ಥವಿದೆ. ಎಲ್ಲರನ್ನೂ ಹೊತ್ತು ಸಹಿಸುವ ಭೂಮಿಗೂ ಸಂಸ್ಕೃತದಲ್ಲಿ ‘ಕ್ಷಮಾ’ ಎಂದೇ ಹೆಸರು. ಹಾಗಾಗಿ ‘ಕ್ಷಮಿಸಿ’ ಎನ್ನುವಾಗ ‘ನಾನು ಹೊರಿಸಿದ ಭಾರವನ್ನು ಇನ್ನಷ್ಟು ಹೊರಿರಿ’ ಎಂದು ಕೇಳುತ್ತಿದ್ದೇವೆ. ಅದು ಹಗುರವಾದ ಕೋರಿಕೆಯಲ್ಲ. ‘ತಪ್ಪಾಯಿತು’ ಎಂಬುದು ನಡೆದ ಕೃತ್ಯವನ್ನು ಹೆಸರಿಸುತ್ತದೆ. ಆದರೆ ಮಳೆಯಾಯಿತು, ಕತ್ತಲಾಯಿತು ಎಂಬಂತೆ ಅದೂ ತಾನಾಗಿಯೇ ಆದಂತೆ ಕೇಳಿಸುತ್ತದೆ. ‘ನಾನು ತಪ್ಪು ಮಾಡಿದೆ’ ಎಂಬ ವಾಕ್ಯದಲ್ಲಿ ಮಾತ್ರ ಕರ್ತೃ ಮುಖಾಮುಖಿ ನಿಲ್ಲುತ್ತಾನೆ. ಈ ನಾಲ್ಕರಲ್ಲಿ ನಮ್ಮ ನಾಲಗೆ ಯಾವುದನ್ನು ಸುಲಭವಾಗಿ ಆರಿಸಿಕೊಳ್ಳುತ್ತದೆ, ಯಾವುದರ ಮುಂದೆ ತೊದಲುತ್ತದೆ ಎಂಬುದನ್ನು ಗಮನಿಸಿದರೆ ಸಾಕು, ನಮ್ಮ ಅಂತರಂಗದ ಪರಿಚಯ ನಮಗೇ ಆಗುತ್ತದೆ.

ಇನ್ನೊಂದು ಸಂಗತಿಯೂ ಉಂಟು. ಇಂಗ್ಲಿಷಿನ ‘ಸಾರಿ’ಯಲ್ಲಿ ಕನಿಕರವೂ ತಪ್ಪೊಪ್ಪಿಗೆಯೂ ಒಟ್ಟಿಗೆ ಇರುವಂತೆ, ನಮ್ಮ ‘ಪಾಪ’ ಎಂಬ ಪದದಲ್ಲಿ ಅಪರಾಧವೂ ಕನಿಕರವೂ ಒಟ್ಟಿಗೆ ಇವೆ. ಮಾಡಬಾರದ್ದನ್ನು ಮಾಡಿದರೆ ‘ಪಾಪ’. ಪೆಟ್ಟು ತಿಂದ ಮಗುವನ್ನು ಕಂಡರೆ ‘ಅಯ್ಯೋ, ಪಾಪ!’ ಈ ಎರಡು ಭಾವಗಳು ಭಾಷೆಯಲ್ಲಿ ನೆರೆಹೊರೆಯಲ್ಲಿರುವುದು ಒಳ್ಳೆಯದೇ. ನಾನು ಕಾರಣನಲ್ಲದ ನೋವಿಗೂ ನನ್ನ ಹೃದಯ ಮರುಗಬೇಕು. ಆದರೆ ನಾನು ಕಾರಣನಾದ ನೋವಿನ ಮುಂದೆ ಬರಿಯ ದಾರಿಹೋಕನಂತೆ ‘ಅಯ್ಯೋ ಪಾಪ’ ಎಂದು ಮರುಗಿ ಮುಂದೆ ಸಾಗಿದರೆ, ಅದು ವಂಚನೆ.

ಭಾಷೆಯ ತತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಈ ವ್ಯತ್ಯಾಸವನ್ನು ಗುರುತಿಸಿದರು. ಕೆಲವು ಮಾತುಗಳು ಇರುವುದನ್ನು ವರ್ಣಿಸುತ್ತವೆ. ಕೆಲವು ಮಾತುಗಳು ಆಡಿದಾಗಲೇ ಒಂದು ಕಾರ್ಯವನ್ನು ನೆರವೇರಿಸುತ್ತವೆ. ‘ಕ್ಷಮೆ ಯಾಚಿಸುತ್ತೇನೆ’ ಎಂಬುದು ಕಾರ್ಯ. ‘ಪಶ್ಚಾತ್ತಾಪಪಡುತ್ತಿದ್ದೇನೆ’ ಎಂಬುದು ವರ್ಣನೆ. ‘ಐ ಆಮ್ ಸಾರಿ’ ಎಂಬುದು ಇವೆರಡರ ನಡುವೆ ನಿಂತಿದೆ. ಈ ನಡುವಿನ ಜಾಗದಲ್ಲೇ ಅದರ ಅನುಕೂಲವೂ ಅಪಾಯವೂ ಅಡಗಿವೆ.

ಈ ಅಸ್ಪಷ್ಟತೆ ಕಾನೂನಿನ ಬಾಗಿಲನ್ನೂ ತಟ್ಟಿದೆ. ವೈದ್ಯರು ‘ಸಾರಿ’ ಎಂದರೆ ಅದನ್ನೇ ತಪ್ಪೊಪ್ಪಿಗೆಯೆಂದು ನ್ಯಾಯಾಲಯ ಎಣಿಸೀತೆಂಬ ಭಯದಿಂದ ನೊಂದವರ ಮುಂದೆ ಮಾತೇ ಆಡದಿರುವ ಸ್ಥಿತಿ ಪಶ್ಚಿಮದ ದೇಶಗಳಲ್ಲಿ ಬಂದಿತ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ 2006ರಲ್ಲಿ ಒಂದು ಕಾಯಿದೆಯನ್ನು ತಂದು, ಕ್ಷಮಾಯಾಚನೆಯನ್ನು ತಪ್ಪಿನ ಪುರಾವೆಯಾಗಿ ಬಳಸಬಾರದೆಂದು ವಿಧಿಸಿತು. ನೊಂದ ಕುಟುಂಬಕ್ಕೆ ಒಂದು ಮಾನವೀಯ ಮಾತಾದರೂ ದೊರೆಯಲೆಂಬ ಆಶಯ ಮೆಚ್ಚತಕ್ಕದ್ದೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಏನನ್ನೂ ಕಳೆದುಕೊಳ್ಳುವ ಭಯವಿಲ್ಲದೆ ಆಡಿದ ಕ್ಷಮೆಯ ಮಾತಿಗೆ ಎಷ್ಟು ಬೆಲೆ?

ಈ ಪದ ಒಂದು ರಾಷ್ಟ್ರವನ್ನೇ ದಶಕಕ್ಕೂ ಹೆಚ್ಚು ಕಾಲ ಚರ್ಚೆಗೆ ನೂಕಿದ ಉದಾಹರಣೆ ಆಸ್ಟ್ರೇಲಿಯದ್ದು. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಸರಕಾರದ ನೀತಿಯಂತೆ ತಾಯ್ತಂದೆಯರಿಂದ ಬೇರ್ಪಡಿಸಿ ಸಂಸ್ಥೆಗಳಲ್ಲಿ, ಬಿಳಿಯರ ಮನೆಗಳಲ್ಲಿ ಇರಿಸಲಾಗುತ್ತಿತ್ತು. ಆ ಸಂಸ್ಥೆಗಳಲ್ಲಿ ಕೆಲವು ಕ್ರೈಸ್ತ ಮಿಷನ್‌ಗಳೇ ನಡೆಸಿದಂಥವು ಎಂಬುದನ್ನು ನಾವು ಮರೆಯಲಾಗದು. 1997ರಲ್ಲಿ ಸಂಸತ್ತಿನ ಮುಂದೆ ಬಂದ ‘ಬ್ರಿಂಗಿಂಗ್ ದೆಮ್ ಹೋಮ್’ ವರದಿಯ ಪ್ರಕಾರ, 1910ರಿಂದ 1970ರವರೆಗಿನ ಅವಧಿಯಲ್ಲಿ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮೂಲನಿವಾಸಿ ಮಕ್ಕಳು ಹೀಗೆ ಅಗಲಿಸಲ್ಪಟ್ಟಿದ್ದರು. 1998ರ ಮೇ 26ರಂದು ಜನರೇ ಮುಂದಾಗಿ ಮೊದಲ ‘ಸಾರಿ ದಿನ’ವನ್ನು ಆಚರಿಸಿದರು, ‘ಸಾರಿ ಪುಸ್ತಕ’ಗಳಲ್ಲಿ ಸಾಮಾನ್ಯರು ಸಹಿ ಮಾಡಿದರು. ಆದರೆ ಪ್ರಧಾನಿ ಜಾನ್ ಹೊವರ್ಡ್ ಆ ಪದವನ್ನು ಸರಕಾರದ ಪರವಾಗಿ ಉಚ್ಚರಿಸಲು ಒಪ್ಪಲಿಲ್ಲ. ಹಿಂದಿನವರ ಕೃತ್ಯಕ್ಕೆ ಇಂದಿನ ಪೀಳಿಗೆ ಹೊಣೆಯಲ್ಲವೆಂಬುದು ಅವರ ವಾದ. 1999ರ ಆಗಸ್ಟಿನಲ್ಲಿ ಅವರು ಮಂಡಿಸಿದ ನಿರ್ಣಯದಲ್ಲಿ ಇದ್ದುದು ವಿಷಾದ ಮಾತ್ರ. ಕಡೆಗೆ 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ‘ಸಾರಿ’ ಎಂದರು.

ಮೂಲನಿವಾಸಿಗಳು ಆಡುವ ಇಂಗ್ಲಿಷಿನಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ. ಸಾವಿನ ಮನೆಯ ಶೋಕಾಚರಣೆಯನ್ನು ಅವರು ‘ಸಾರಿ ಬಿಸಿನೆಸ್’ ಎನ್ನುತ್ತಾರೆ. ಬಂಧುಬಳಗವೆಲ್ಲ ದೂರದಿಂದ ಬಂದು, ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು, ನೊಂದವರ ಜೊತೆ ದಿನಗಟ್ಟಲೆ ಕುಳಿತುಕೊಳ್ಳುವ ಆಚರಣೆ ಅದು. ಅಂಥವರ ಕಿವಿಗೆ ‘ಸಾರಿ’ ಎಂಬುದು ಅವಸರದಲ್ಲಿ ಎಸೆದುಹೋಗುವ ಮಾತಲ್ಲ. ಬಂದು ಪಕ್ಕದಲ್ಲಿ ಕುಳಿತುಕೊಳ್ಳುವುದೇ ಅದರ ಅರ್ಥ.

ಹಾಗಾದರೆ ಹಿಂದಿನವರ ತಪ್ಪಿಗೆ ಇಂದಿನವರು ಕ್ಷಮೆ ಕೇಳಬೇಕೇ? ಅಪರಾಧ ಬೇರೆ, ಹೊಣೆ ಬೇರೆ ಎಂಬುದನ್ನು ಇಲ್ಲಿ ಗುರುತಿಸಬೇಕು. ಅಜ್ಜ ಮಾಡಿದ ಅಪರಾಧಕ್ಕೆ ಮೊಮ್ಮಗ ಅಪರಾಧಿಯಾಗುವುದಿಲ್ಲ. ಆ ಮಟ್ಟಿಗೆ ಹೊವರ್ಡ್ ಅವರ ಮಾತು ಸರಿ. ಆದರೆ ಅಜ್ಜನ ಜಮೀನನ್ನು ಪಡೆದವನು ಆ ಜಮೀನಿನ ಮೇಲಿನ ಸಾಲವನ್ನು ಮಾತ್ರ ಒಲ್ಲೆ ಎನ್ನಲಾದೀತೇ? ಮೇಲಾಗಿ ಸರಕಾರ, ಸಂಸ್ಥೆ, ಸಭೆ ಇವುಗಳಿಗೆ ಒಬ್ಬ ಮನುಷ್ಯನ ಆಯುಸ್ಸಿನ ಮಿತಿಯಿಲ್ಲ. ನೂರು ವರ್ಷದ ಹಿಂದಿನ ತಮ್ಮ ಸಾಧನೆಗೆ ಶತಮಾನೋತ್ಸವ ಆಚರಿಸುವ ಸಂಸ್ಥೆಗಳು, ನೂರು ವರ್ಷದ ಹಿಂದಿನ ತಮ್ಮ ಅನ್ಯಾಯದ ಮಾತು ಬಂದಾಗ ‘ಅದು ನಾವಲ್ಲ’ ಎನ್ನುವುದು ನ್ಯಾಯವಲ್ಲ.

ಕಥೋಲಿಕ ಸಂಪ್ರದಾಯವು ಪಶ್ಚಾತ್ತಾಪದಲ್ಲಿ ಮೂರು ಅಂಗಗಳನ್ನು ಕಂಡಿದೆ: ಹೃದಯದ ನೋವು, ಬಾಯಿಯ ನಿವೇದನೆ, ಕೈಯ ಪರಿಹಾರ. 1551ರಲ್ಲಿ ಟ್ರೆಂಟ್ ಮಹಾಸಭೆ ಈ ಮೂರನ್ನೂ ಸ್ಪಷ್ಟವಾಗಿ ಹೇಳಿತು. ನಮ್ಮ ‘ಸಾರಿ’ಯನ್ನು ಈ ಅಳತೆಗೋಲಿಗೆ ಹಚ್ಚಿ ನೋಡೋಣ. ನೋವಿಲ್ಲದೆ ಬಾಯಿ ಮಾತ್ರ ಆಡಿದರೆ ಅದು ಶಿಷ್ಟಾಚಾರ. ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬ ರಾಜಕಾರಣದ ಹೇಳಿಕೆಯಲ್ಲಿ ನೋವಾದದ್ದೇ ಸಂಶಯಾಸ್ಪದ, ಮಾಡಿದವನಂತೂ ಅದೃಶ್ಯ, ಅದು ನಿವೇದನೆಯಲ್ಲ. ಇನ್ನು ಮೂರನೆಯ ಅಂಗದ ಮುಂದೆ ನಾವೆಲ್ಲ ಮೌನಿಗಳು. ಸುಂಕದವನಾದ ಜಕ್ಕಾಯನು ಯೇಸುಸ್ವಾಮಿಯ ಮುಂದೆ ನಿಂತಾಗ ತನ್ನ ಭಾವನೆಗಳನ್ನು ವರ್ಣಿಸಲಿಲ್ಲ. ಮೋಸ ಮಾಡಿ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವ ಲೆಕ್ಕ ಹೇಳಿದನು. ಆಸ್ಟ್ರೇಲಿಯದಲ್ಲಿಯೂ 2008ರ ಮಾತಿನ ನಂತರ ಎದ್ದ ಪ್ರಶ್ನೆ ಇದೇ: ಪರಿಹಾರವೆಲ್ಲಿ? ಆ ಮಾತಿನ ಹದಿಮೂರು ವರ್ಷಗಳ ಬಳಿಕ, 2021ರಲ್ಲಿ, ಕೇಂದ್ರ ಸರಕಾರ ತನ್ನ ನೇರ ಆಡಳಿತದಲ್ಲಿದ್ದ ಪ್ರದೇಶಗಳಲ್ಲಿ ಅಗಲಿಸಲ್ಪಟ್ಟವರಿಗಾಗಿ ಪರಿಹಾರ ಯೋಜನೆಯೊಂದನ್ನು ಪ್ರಕಟಿಸಿತು. ಅಷ್ಟು ಹೊತ್ತಿಗೆ ಆ ಮಕ್ಕಳಲ್ಲಿ ಎಷ್ಟೋ ಮಂದಿ ವೃದ್ಧರಾಗಿದ್ದರು, ಎಷ್ಟೋ ಮಂದಿ ಕಣ್ಮುಚ್ಚಿದ್ದರು.

ದೂರದ ದೇಶದ ಮಾತು ನಮಗೇಕೆ ಎನ್ನಬೇಡಿ. ನಮ್ಮ ಮನೆಗಳಲ್ಲಿ ‘ಸಾರಿ’ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ನೋಡಿ. ಮೇಲಧಿಕಾರಿಯ ಕೈಗೆ ನಮ್ಮ ಕೈ ತಗುಲಿದರೆ ನಾಲ್ಕು ಬಾರಿ ಹೇಳುತ್ತೇವೆ. ಕಳವಾಯಿತೆಂದು ಮನೆಗೆಲಸದಾಕೆಯ ಮೇಲೆ ಸಂಶಯಪಟ್ಟು, ಆ ವಸ್ತು ಮರುದಿನ ನಮ್ಮದೇ ಕಪಾಟಿನಲ್ಲಿ ಸಿಕ್ಕಾಗ ಆಕೆಗೆ ಒಮ್ಮೆಯಾದರೂ ಹೇಳುತ್ತೇವೆಯೇ? ಮಕ್ಕಳ ಕಿವಿ ಹಿಂಡಿ ಸಾರಿ ಹೇಳಿಸುವ ತಂದೆತಾಯಿಯರು ಮಕ್ಕಳಲ್ಲಿ ತಾವೇ ಕ್ಷಮೆ ಕೇಳಿದ ಸಂದರ್ಭಗಳೆಷ್ಟು? ನೀರಿನಂತೆ ಕೆಳಕ್ಕೆ ಹರಿಯಬೇಕಾದ ಮಾತು ನಮ್ಮಲ್ಲಿ ಮೇಲಕ್ಕೆ ಮಾತ್ರ ಹರಿಯುತ್ತದೆ.

ಇದಕ್ಕಿಂತಲೂ ಗಂಭೀರವಾದ ಒಂದು ಮಾತನ್ನು ಹೇಳಲೇಬೇಕು. ರಾತ್ರಿ ಕುಡಿದು ಬಂದು ಹೆಂಡತಿಯನ್ನು ಹೊಡೆದು, ಬೆಳಗ್ಗೆ ಕಣ್ಣೀರಿಟ್ಟು ‘ಸಾರಿ’ ಎನ್ನುವ ಗಂಡಂದಿರಿದ್ದಾರೆ. ಮುಂದಿನ ವಾರ ಮತ್ತೆ ಹೊಡೆತ, ಮತ್ತೆ ಕಣ್ಣೀರು. ‘ಸಾರಿ ಕೇಳಿದ್ದಾನಲ್ಲ, ಕ್ಷಮಿಸಿಬಿಡು’ ಎಂದು ಆಕೆಗೆ ಬುದ್ಧಿ ಹೇಳಲು ಬಂಧುಗಳು ಸಾಲುಗಟ್ಟುತ್ತಾರೆ. ಅದಕ್ಕೆ ದೇವರ ಹೆಸರನ್ನೂ ಸೇರಿಸುತ್ತಾರೆ. ಕ್ಷಮೆ ಎಂಬುದು ನೊಂದವರ ಕೈಯಲ್ಲಿರುವ ದಾನ. ಅದನ್ನು ವಸೂಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಆಕೆ ದ್ವೇಷವನ್ನು ಬಿಟ್ಟು ಮನಸ್ಸಿನಲ್ಲಿ ಕ್ಷಮಿಸಬಹುದು. ಹಾಗೆಂದು ಮತ್ತೆ ಏಟಿಗೆ ಬೆನ್ನೊಡ್ಡಬೇಕಾಗಿಲ್ಲ. ಕುಡಿತವನ್ನು ಬಿಡಲು ಚಿಕಿತ್ಸೆಗೆ ಹೋಗದ, ಎತ್ತಿದ ಕೈಯನ್ನು ಇಳಿಸದ ಗಂಡನ ಸಾರಿ ಕೇವಲ ಮುಂದಿನ ಏಟಿನ ಪೀಠಿಕೆ. ‘ಸಾರಿ ಹೇಳಿದೆನಲ್ಲ, ಇನ್ನೇನು ಬೇಕು?’ ಎಂಬ ಸಿಟ್ಟಿನ ಪ್ರಶ್ನೆ ಕೇಳಿಬಂದಲ್ಲಿ ಪಶ್ಚಾತ್ತಾಪ ಇನ್ನೂ ಆರಂಭವೇ ಆಗಿಲ್ಲವೆಂದು ತಿಳಿಯಬಹುದು. ನಿಜವಾದ ಪಶ್ಚಾತ್ತಾಪವೂ ‘ಇನ್ನೇನು ಬೇಕು?’ ಎಂದೇ ಕೇಳುತ್ತದೆ. ಆದರೆ ಮೆಲ್ಲಗೆ, ಉತ್ತರಕ್ಕಾಗಿ ಕಾಯುತ್ತಾ.

ನಮ್ಮ ಕನ್ನಡದಲ್ಲಿಯೂ ‘ಸಾರಿ’ ಎಂಬ ಪದ ಮೊದಲಿನಿಂದಲೂ ಉಂಟು. ‘ಒಂದು ಸಾರಿ’ ಎಂದರೆ ಒಂದು ಬಾರಿ. ‘ಸಾರಿ ಹೇಳು’ ಎಂದರೆ ಮರೆಮಾಚದೆ ಎಲ್ಲರಿಗೂ ಕೇಳುವಂತೆ ಹೇಳು. ಇಂಗ್ಲಿಷಿನ ಪದಕ್ಕೂ ಇವಕ್ಕೂ ನಂಟಿಲ್ಲ, ಧ್ವನಿಯ ಆಕಸ್ಮಿಕವಷ್ಟೇ. ಆದರೂ ಈ ಆಕಸ್ಮಿಕದಿಂದ ನಾವು ಪಾಠ ಕಲಿಯಬಹುದು. ನಾಲ್ವರ ಮುಂದೆ ಅವಮಾನಿಸಿದ್ದರೆ ನಾಲ್ವರ ಮುಂದೆಯೇ ಸಾರಿ ಹೇಳೋಣ. ತಪ್ಪನ್ನು ಹೆಸರಿಟ್ಟು ಕರೆಯೋಣ. ಕೆಡಿಸಿದ್ದನ್ನು ಕಟ್ಟಿಕೊಡೋಣ. ಹಾಗೆ ಹೇಳಿದ್ದಾದರೆ, ಒಂದು ಸಾರಿ ಹೇಳಿದರೂ ಸಾಕು.